ಮೊದಲ ಹೊರಗಿನವಳು

ಆಮೆನ್ ಕೇಳಿಸಲಿಲ್ಲ. ಫೋನಿನ ಪಕ್ಕ ಕೂತು ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದ ಬೀಗದಕ್ಕ ತಲೆಯೆತ್ತಿ ಸಭಾಂಗಣದ ಬಾಗಿಲಿನತ್ತ ನೋಡಿದಳು. ಚರ್ಚಿನ ಕಚೇರಿಯವರೆಲ್ಲ ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಆ ಸಭಾಂಗಣದಲ್ಲಿ ದುಂಡಗೆ ನಿಂತು, ಕೈ ಕೈ ಹಿಡಿದು ಪ್ರಾರ್ಥನೆ ಮಾಡುವುದು ವಾಡಿಕೆ. ಪಾದ್ರಿಯ ದನಿ ಏರಿ, ಇಳಿದು, ಗಾಯನದ ಮೇಷ್ಟ್ರ ದಪ್ಪ ಗಂಟಲು ಅದಕ್ಕೆ ಜತೆಯಾಗಿ, ಕೊನೆಗೆ ಎಲ್ಲರೂ ಒಟ್ಟಿಗೆ ಆಮೆನ್ ಎಂದಾಗ ಅವಳು ಟೀಗೆ ನೀರಿಡಲು ಏಳುತ್ತಿದ್ದಳು. ಇವತ್ತು ಉಸಿರಾಡುವ ಸದ್ದೂ ಇಲ್ಲ.

ಯಾರಿಗಾದರೂ ತಲೆಸುತ್ತು ಬಂತೇನೋ ಎಂದು ಗಾಬರಿಯಲ್ಲಿ ಎದ್ದು ಹೋಗಿ ಬಾಗಿಲ ಸಂದಿಯಿಂದ ಇಣುಕಿದಳು. ಎಲ್ಲರೂ ನೆಟ್ಟಗೇ ನಿಂತಿದ್ದರು. ಕಣ್ಣುಗಳು ಮುಚ್ಚಿದ್ದವು, ಬಾಯಿಗಳೂ ಮುಚ್ಚಿದ್ದವು. ಪಾದ್ರಿಯ ಎಡಗೈ ಮೇಷ್ಟ್ರ ಕೈಯಲ್ಲಿತ್ತು, ಬಲಗೈ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಕ್ಯಾಮೆರಾ ಹುಡುಗಿಯ ಕೈಯಲ್ಲಿತ್ತು. ಆ ಹುಡುಗಿ ಒಬ್ಬಳೇ ಕಣ್ಣು ಬಿಟ್ಟುಕೊಂಡಿದ್ದಳು. ಬಾಗಿಲ ಸಂದಿಯಲ್ಲಿ ಬೀಗದಕ್ಕನ ಮುಖ ಕಂಡು ನಕ್ಕಳು. ಬೀಗದಕ್ಕ ನಗಲಿಲ್ಲ.

ಟೀಗೆ ಮೊದಲು ಬರುವವನು ಯಾವತ್ತೂ ಅಕೌಂಟೆಂಟೇ. ಅವನ ಲೋಟ ತುಂಬಿಸುತ್ತ ಅವಳು ಕೇಳಿದಳು, "ಏನ್ರೀ, ಇವತ್ತು ಎಲ್ಲರಿಗೂ ಮೌನವ್ರತ?"

"ಆ ಹುಡುಗಿಗೋಸ್ಕರ. ಅವಳು ನಮ್ಮೋಳಲ್ಲವಲ್ಲ. ನಾವು ನಮ್ಮ ದೇವರ ಹೆಸರು ಹಿಡ್ಕೊಂಡು ಕೂಗ್ತಾ ಇದ್ರೆ ಅವಳಿಗೆ ಬಾಗಿಲಾಚೆ ನಿಂತ ಹಾಗಾಗುತ್ತಂತೆ. ಅದಕ್ಕೆ ಪಾಸ್ಟರು, ಇನ್ಮೇಲೆ ಮನಸ್ಸಲ್ಲೇ ಮಾಡ್ಕೊಳ್ಳೋಣ, ಅವಳೂ ಸೇರ್ಕೊಳ್ಳಲಿ ಅಂದ್ರು."

"ಅವಳು ಹಾಗೆ ಕೇಳಿದ್ಲಾ?"

"ಅವಳೆಲ್ಲಿ ಕೇಳಿದ್ಲು? ಪಾಸ್ಟರೇ ಅವಳ ಟೇಬಲ್ ಹತ್ರ ಹೋಗಿ ಕರೆದ್ರು." ಅವನು ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದ. "ಸಕ್ಕರೆ ಹಾಕೋಕೆ ನಿಮ್ಮ ಕೈಗೆ ಬೀಗ ಬಿದ್ದಿದೆಯೇನ್ರೀ?"

ಬೇರೆ ದಿನವಾದರೆ ಅವಳು ಇದಕ್ಕೆ ತಕ್ಕ ಉತ್ತರ ಕೊಡುತ್ತಿದ್ದಳು. ಇವತ್ತು ಸಕ್ಕರೆ ಡಬ್ಬಿಯನ್ನು ಅವನ ಕಡೆ ತಳ್ಳಿದಳು. ಟೇಬಲ್ ಹತ್ತಿರ ಹೋಗಿ ಕರೆದರಂತೆ. ಬೀಗದಕ್ಕನ ಟೇಬಲ್ ಸಭಾಂಗಣದ ಬಾಗಿಲಿಗೆ ಆ ಹುಡುಗಿಯ ಟೇಬಲಿಗಿಂತ ಹತ್ತಿರವಿತ್ತು.

ನಿಜ ಹೇಳಬೇಕೆಂದರೆ ಬೀಗದಕ್ಕನೂ ಅವರವಳಲ್ಲ. ಅವಳ ಮನೆಯ ದೇವರೇ ಬೇರೆ, ತವರಿನಲ್ಲೂ ಬೇರೆ, ಗಂಡನ ಕಡೆಯಲ್ಲೂ ಬೇರೆ. ಅವಳನ್ನು ಕೆಲಸಕ್ಕೆ ತೆಗೆದುಕೊಂಡ ಹಳೆಯ ಪಾದ್ರಿಗೆ ಅದು ಗೊತ್ತಿತ್ತು. "ನಿಮ್ಮ ದೇವರು ನಿಮ್ಮ ಮನೇಲಿರಲಿ, ನಮ್ಮ ದೇವರು ಇಲ್ಲಿರಲಿ. ಬೆಳಿಗ್ಗೆ ಬಂದು ಬಾಗಿಲು ತೆಗೆಯೋ ಅಭ್ಯಾಸ ಇಬ್ಬರಿಗೂ ಇಲ್ಲ, ಅದನ್ನ ನೀವು ಮಾಡಿ" ಎಂದು ನಗುತ್ತ ಅವಳ ಕೈಗೆ ಕೀಲಿಕೈ ಗೊಂಚಲು ಕೊಟ್ಟಿದ್ದರು. ಅಂದಿನಿಂದ ಅವಳು ಎಲ್ಲರಿಗೂ ಬೀಗದಕ್ಕ. ಮೊದಲ ದಿನ ಎಲ್ಲರೂ ದುಂಡಗೆ ನಿಂತಾಗ ಅವಳಿಗೆ ಎಲ್ಲಿ ನಿಲ್ಲಬೇಕು, ಕೈ ಕೊಡಬೇಕೋ ಬೇಡವೋ ತಿಳಿಯಲಿಲ್ಲ. ಅಷ್ಟರಲ್ಲಿ ಕಚೇರಿಯ ಫೋನು ಹೊಡೆದುಕೊಂಡಿತು. ಬದುಕಿದೆಯಾ ಬಡಜೀವವೇ ಎಂದು ಓಡಿದಳು. ಮರುದಿನ ಫೋನು ಹೊಡೆದುಕೊಳ್ಳದಿದ್ದರೂ ಅದರ ಪಕ್ಕ ಹೋಗಿ ಕೂತಳು. ಅದೇ ರೂಢಿಯಾಯಿತು.

ಹಳೆಯ ಪಾದ್ರಿ ನಿವೃತ್ತರಾಗಿ ಹೋದರು, ಆಮೇಲೆ ತೀರಿಕೊಂಡರು. ಆಗಿನ ಸಿಬ್ಬಂದಿಯೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಹೊಸದಾಗಿ ಬಂದವರು ಕಂಡದ್ದು ಪ್ರಾರ್ಥನೆಯನ್ನೂ ಬಿಟ್ಟು ಫೋನು ಕಾಯುವ ಒಬ್ಬ ಹೆಂಗಸನ್ನು. ಎಂಥ ಸೇವಾಭಾವ ಎಂದುಕೊಂಡರು. ಭಾನುವಾರ ಅವಳು ಕಾಣದಿದ್ದಾಗ ಅವಳ ಮನೆ ಹತ್ತಿರವೇ ಒಂದು ಚರ್ಚ್ ಇರಬೇಕು ಎಂದು ತಾವೇ ತೀರ್ಮಾನಿಸಿದರು, ಆ ಚರ್ಚನ್ನು ಮನಸ್ಸಿನಲ್ಲೇ ಕಟ್ಟಿಯೂ ಬಿಟ್ಟರು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಮದುವೆ ಹೆಣ್ಣಿಗೆ ಮಾತ್ರ ಅಂಟುವ ಮಾತಲ್ಲ.

ಹಾಗೆಂದು ಅವಳು ಅಲ್ಲಿ ಮೂಲೆಗುಂಪಾಗಿದ್ದಳು ಎಂದುಕೊಂಡರೆ ತಪ್ಪು. ಕಚೇರಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಫ್ಯಾನಿನ ವೇಗದ ಬಗ್ಗೆ ಅಕೌಂಟೆಂಟ್ ಜತೆ ದಿನವೂ ಒಂದು ಸುತ್ತು ಜಗಳ ಆಗಬೇಕು. ಶುಕ್ರವಾರ ಮಧ್ಯಾಹ್ನ ಭಾನುವಾರದ ಹಾಡಿನ ಹಾಳೆಯನ್ನು ತಿದ್ದುವುದು ಅವಳು ಮತ್ತು ಮೇಷ್ಟ್ರು. ಮೇಷ್ಟ್ರು ಹಾಡಿನ ಕೋಣೆಯಲ್ಲಿ ಕೈಬರಹದ ಪ್ರತಿ ಹಿಡಿದು ಸಾಲು ಸಾಲಾಗಿ ಓದುವುದು, ಅವಳು ಅಚ್ಚಿನ ಹಾಳೆಯ ಮೇಲೆ ಬೆರಳಿಟ್ಟುಕೊಂಡು ಹೋಗುವುದು. ಓದುತ್ತ ಓದುತ್ತ ಅವರು ಹಾಡತೊಡಗಿದರೆ ಅವಳೂ ಗೊಣಗುಟ್ಟುವಳು. ಶ್ರುತಿ ತಪ್ಪಿದರೆ ಮೇಷ್ಟ್ರು ಬೈಯುವರು, ಅವಳು ತಿರುಗಿ ಬೈಯುವಳು. ವಾರದಲ್ಲಿ ಅವಳಿಗೆ ಇಷ್ಟವಾದ ಹೊತ್ತು ಅದೊಂದೇ. ದೇವರ ವಿಚಾರ ಅದರಲ್ಲಿ ಎಲ್ಲಿಯೂ ಬರುತ್ತಿರಲಿಲ್ಲ.

ಇಂಥ ಕಡೆಗೆ ಆ ಹುಡುಗಿ ಬಂದಳು. ಭಾನುವಾರದ ಉಪಾಸನೆಯನ್ನು ಮನೆಯಲ್ಲಿ ಕೂತವರಿಗೂ ತೋರಿಸಬೇಕೆಂದು ಕ್ಯಾಮೆರಾ, ಮೈಕು ನೋಡಿಕೊಳ್ಳಲು ಪಾದ್ರಿ ಅವಳನ್ನು ನೇಮಿಸಿದ್ದರು. ಬಂದ ದಿನವೇ ಟೀ ಲೋಟ ಕೈಯಲ್ಲಿ ಹಿಡಿದುಕೊಂಡು, ಹವೆ ಹೇಗಿದೆ ಎನ್ನುವಷ್ಟು ಸಲೀಸಾಗಿ ಹೇಳಿದಳು, "ನಾನು ಚರ್ಚಿಗೆ ಹೋಗೋಳಲ್ಲ. ನಮ್ಮನೇಲಿ ಯಾರೂ ಹೋಗಲ್ಲ. ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಗಲಾಟೆ ಬೇಡ." ಇವಳಿಗೆ ಇಲ್ಲಿನ ಅನ್ನದ ಋಣ ತೀರಿತು ಎಂದುಕೊಂಡಳು ಬೀಗದಕ್ಕ. ತೀರಲಿಲ್ಲ. ಎಲ್ಲರ ಮುಖವೂ ಅರಳಿತು. "ಹೌದಾ? ನಿಮ್ಮನೇಲಿ ಹೇಗೆ?" ಎಂದು ಮೇಷ್ಟ್ರು ಕೇಳಿದರು. ಜೀವಮಾನದಲ್ಲಿ ಇನ್ನೊಬ್ಬರ ವಾಕ್ಯ ಮುಗಿಯುವವರೆಗೆ ಕಾಯದ ಮನುಷ್ಯ ಆ ಹುಡುಗಿಯ ಮಾತಿಗೆ ಗಲ್ಲಕ್ಕೆ ಕೈಕೊಟ್ಟು ಕೂತರು. ಮರುದಿನ ಅವಳ ಕುರ್ಚಿಗೆ ಹೊಸ ದಿಂಬು ಬಂತು. ಅಕೌಂಟೆಂಟ್ ಅವಳನ್ನು ಕೇಳಿ ಫ್ಯಾನ್ ಹಾಕಿದ.

ಆ ದಿಂಬನ್ನು ಬೀಗದಕ್ಕ ಎರಡು ಸಲ ಒತ್ತಿ ನೋಡಿದ್ದಳು. ಒಳ್ಳೆಯ ದಿಂಬು.

ಆ ವಾರವೇ ಕೇಂದ್ರ ಕಚೇರಿಯಿಂದ ಸುತ್ತೋಲೆ ಬಂತು. ಎಲ್ಲ ಚರ್ಚುಗಳ ಸಿಬ್ಬಂದಿಗೂ ವೈವಿಧ್ಯ ಮತ್ತು ಒಳಗೊಳ್ಳುವಿಕೆಯ ತರಬೇತಿ ಕಡ್ಡಾಯ.

"ವೈವಿಧ್ಯ ಅಂದ್ರೆ ಊಟಕ್ಕೆ ನಾಲ್ಕು ಥರ ಇರುತ್ತಾ?" ಎಂದ ಅಕೌಂಟೆಂಟ್.

ಪಾದ್ರಿ ನಗಲಿಲ್ಲ. ವಯಸ್ಸಿನಲ್ಲಿ ಚಿಕ್ಕವರು, ಒಳ್ಳೆಯವರು, ಒಳ್ಳೆಯತನ ಸಾಲದೇನೋ ಎಂಬ ಚಿಂತೆ ಸದಾ ಇದ್ದವರು. "ನಮಗೆ ಇದು ಸರಿಯಾದ ಹೊತ್ತಿಗೆ ಬಂದಿದೆ" ಎಂದು ಹುಡುಗಿಯ ಕಡೆ ಕೈ ತೋರಿಸಿದರು. "ನಮ್ಮ ನಂಬಿಕೆಗೆ ಸೇರದವರು ಈ ಕಚೇರಿಯಲ್ಲಿ ಕೆಲಸ ಮಾಡ್ತಿರೋದು ಇದೇ ಮೊದಲು. ಮೊದಲ ಹೊರಗಿನವರು ಇವರು. ಅಲ್ವಾ ಅಕ್ಕ? ನೀವು ಎಲ್ಲರಿಗಿಂತ ಹಳಬರು, ನೀವೇ ಹೇಳಬೇಕು."

ಎಲ್ಲರೂ ಬೀಗದಕ್ಕನ ಕಡೆ ತಿರುಗಿದರು. ಒಂದೇ ಒಂದು ಮಾತು ಸಾಕಿತ್ತು. ಅವಳ ಬಾಯಿ ತನ್ನ ಪಾಡಿಗೆ ತಾನು, "ಹೌದು ಪಾಸ್ಟರ್" ಎಂದುಬಿಟ್ಟಿತು. ಹಳೆಯ ಎತ್ತಿಗೆ ದಾರಿ ಹೇಳಿಕೊಡಬೇಕೇ?

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಗಂಡ ಕುರ್ಚಿ ಮಂಚ ಸಾಗಿಸುವ ವ್ಯಾನ್ ಓಡಿಸುವವನು. ಎಷ್ಟೇ ದಣಿದಿದ್ದರೂ ಹೆಂಡತಿಯ ಕಚೇರಿ ಕಥೆಗೆ ಅವನ ಕಿವಿ ತೆರೆದೇ ಇರುತ್ತಿತ್ತು.

"ಅಂದ್ರೆ ಇಷ್ಟು ವರ್ಷ ನೀನು ಅವರೋಳಲ್ಲ ಅಂತ ಒಬ್ಬರಿಗೂ ಗೊತ್ತಿಲ್ವಾ?"

"ಕೇಳಿದ್ರೆ ತಾನೇ ಹೇಳೋದು."

"ಇವತ್ತು ಕೇಳಿದ್ರಲ್ಲ?"

ಅವಳು ಅನ್ನ ಕಲಸುತ್ತ ಕೂತಳು.

"ಅತ್ತ ಮಗೂಗೇ ಹಾಲು ಕಣೇ. ನೀನು ಬಾಯಿಗೆ ಬೆರಳಿಟ್ಕೊಂಡು ಮಲಗಿದ್ದೆ. ಅವಳು ಬಂದ ದಿನವೇ ಅತ್ಲು, ಹಾಲು ಸಿಕ್ತು."

"ಅವಳು ಅಳಲಿಲ್ಲ ರೀ. ನಗ್ತಾ ನಗ್ತಾ ಹೇಳಿದ್ಲು. ಅದನ್ನೇ ನಂಗೆ ಸಹಿಸೋಕೆ ಆಗ್ತಿಲ್ಲ. ನಾನು ಕೆಲಸ ಹೋಗುತ್ತೇನೋ ಅಂತ ಹೆದರ್ಕೊಂಡು ಫೋನ್ ಪಕ್ಕ ಕೂತು ಕೂತು ಮುದುಕಿ ಆದೆ. ಅವಳಿಗೆ ಹೆದರಿಕೆನೇ ಇಲ್ಲ. ಹೆದರಬೇಕು ಅಂತಾನೂ ಗೊತ್ತಿಲ್ಲ."

"ನಿಂಗೆ ಹೊಟ್ಟೆಕಿಚ್ಚು."

"ಹೌದು, ಹೊಟ್ಟೆಕಿಚ್ಚೇ. ಏನೀಗ?"

"ಏನಿಲ್ಲ. ಉಪ್ಪು ಈ ಕಡೆ ಕೊಡು" ಎಂದ ಗಂಡ.

ತರಬೇತಿಗೆ ಬಂದವಳು ಚುರುಕಾದ ಹೆಂಗಸು. ಸಭಾಂಗಣದ ಕುರ್ಚಿಗಳನ್ನೆಲ್ಲ ಬದಿಗೆ ಸರಿಸಿ, ಎಲ್ಲರನ್ನೂ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಲ್ಲಿಸಿದಳು. "ಒಂದೊಂದು ವಾಕ್ಯ ಓದ್ತೀನಿ. ನಿಮ್ಮ ಮಟ್ಟಿಗೆ ನಿಜ ಆದ್ರೆ ಒಂದು ಹೆಜ್ಜೆ ಮುಂದೆ ಬನ್ನಿ. ಅಲ್ಲ ಅಂದ್ರೆ ಇದ್ದಲ್ಲೇ ನಿಲ್ಲಿ. ಮಾತು ಬೇಡ, ಅಕ್ಕಪಕ್ಕದವರನ್ನ ನೋಡೋದೂ ಬೇಡ."

"ಇಲ್ಲಿ ನಡೆಯೋ ಪ್ರಾರ್ಥನೆ ನಮ್ಮ ಮನೆಯಲ್ಲೂ ನಡೆಯುತ್ತೆ."

ಸಾಲು ಮುಂದೆ ಸರಿಯಿತು. ಬೀಗದಕ್ಕ ನಿಲ್ಲಬೇಕೆಂದೇ ಇದ್ದಳು. ಆದರೆ ಪಕ್ಕದಲ್ಲಿ ಆ ಹುಡುಗಿ ಕೈಕಟ್ಟಿಕೊಂಡು ನಿಂತೇ ಇದ್ದಳು. ಅವಳ ಜತೆ ಉಳಿದರೆ ಅವಳ ಬಾಲ ಹಿಡಿದ ಹಾಗಾಗುತ್ತದೆ ಅನ್ನಿಸಿತು. ಕಾಲು ಮುಂದೆ ಹೋಯಿತು.

"ಈ ಗೋಡೆಗಳ ಮೇಲಿರೋ ಚಿತ್ರಗಳ ಕಥೆ ನಾನು ಚಿಕ್ಕಂದಿನಿಂದ ಕೇಳಿದ್ದು."

ಮತ್ತೊಂದು ಹೆಜ್ಜೆ. ಬೀಗದಕ್ಕನೂ ಹೋದಳು.

"ನಾನು ಯಾವ ದೇವರನ್ನ ನಂಬ್ತೀನಿ ಅಂತ ಇಲ್ಲಿ ಯಾರೂ ನನ್ನನ್ನ ಕೇಳಿಲ್ಲ."

ಇದೊಂದು ಅಪ್ಪಟ ನಿಜ. ಅವಳು ಎಲ್ಲರಿಗಿಂತ ದೊಡ್ಡ ಹೆಜ್ಜೆ ಇಟ್ಟು ಪಾದ್ರಿಯನ್ನೂ ದಾಟಿ ಮುಂದೆ ನಿಂತಳು. ವಾಕ್ಯಗಳು ಮುಗಿದಾಗ ಸಭಾಂಗಣದ ನಡುವೆ ಎಲ್ಲರೂ ಒಂದು ಗುಂಪಾಗಿದ್ದರು, ಎಲ್ಲರ ಮುಂದೆ ಅವಳಿದ್ದಳು.

"ಈಗ ಹಿಂದೆ ತಿರುಗಿ ನೋಡಿ" ಎಂದಳು ತರಬೇತಿಯವಳು.

ಎಲ್ಲರೂ ತಿರುಗಿದರು. ಗೋಡೆಗೆ ಬೆನ್ನು ಹಚ್ಚಿ ಹುಡುಗಿ ಒಬ್ಬಳೇ ನಿಂತಿದ್ದಳು. ಯಾರೋ ಮೂಗೆಳೆದರು. ಬೀಗದಕ್ಕ ನೋಡಿದರೆ ಅಕೌಂಟೆಂಟ್. ಸ್ವಂತ ಮಾವ ಸತ್ತಾಗ ರಜೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿದ್ದ ಆಸಾಮಿ ಕರ್ಚೀಫು ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

"ಅಲ್ಲಿ ಒಬ್ಬರೇ ನಿಂತಾಗ ಏನನ್ನಿಸ್ತು?" ತರಬೇತಿಯವಳು ಮೆಲುದನಿಯಲ್ಲಿ ಕೇಳಿದಳು.

ಹುಡುಗಿ ಭುಜ ಕುಣಿಸಿದಳು. "ಏನಿಲ್ಲ. ಕಾಲು ನೋಯ್ತು."

ಎಲ್ಲರೂ ನಕ್ಕರು. ಎಷ್ಟು ಅಕ್ಕರೆಯ ನಗು ಅದು. ಬೀಗದಕ್ಕ ಆಡಿದ ಜೋಕಿಗೆ ಇಲ್ಲಿ ಹಲವು ವರ್ಷ ಜನ ನಕ್ಕಿದ್ದಾರೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ಆದರೆ ಹೀಗೆ, ಗಾಜಿನ ಸಾಮಾನು ಎತ್ತಿಕೊಳ್ಳುವ ಹಾಗೆ, ಯಾರೂ ನಕ್ಕಿರಲಿಲ್ಲ. ಪಾದ್ರಿ ಗಂಟಲು ಸರಿಮಾಡಿಕೊಂಡು, "ನಮ್ಮಲ್ಲಿ ಮೊದಲ ಸಲ ಒಬ್ಬರು" ಎಂದು ಏನೋ ಹೇಳಹೊರಟರು.

ಅವರ ಮಾತು ಮುಗಿಯಲಿಲ್ಲ. ಬೀಗದಕ್ಕ ಗುಂಪನ್ನು ಸೀಳಿಕೊಂಡು ಹಿಂದಕ್ಕೆ ನಡೆದಳು. ಗೋಡೆಯ ಬಳಿ ಹೋಗಿ ಹುಡುಗಿಯ ಪಕ್ಕ ನಿಂತು, ನಲ್ಲಿಯ ಮುಂದೆ ಕೊಡದ ಸರದಿ ತಪ್ಪಿಸಿದವರ ಮೇಲೆ ಹರಿಹಾಯುವ ದನಿಯಲ್ಲಿ ಹೇಳಿದಳು.

"ಇವಳಲ್ಲ ಮೊದಲನೆಯೋಳು. ನಾನು. ಇವಳಿಗಿಂತ ಎಷ್ಟೋ ಮುಂಚೆ ಬಂದೋಳು ನಾನು."

ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬೊಬ್ಬರಿಗಾಗಿ ಅರ್ಥವಾಯಿತು, ಅದು ಅವರ ಮುಖಗಳ ಮೇಲೆ ಕಾಣುತ್ತಿತ್ತು.

"ಮತ್ತೆ ನಿಮ್ಮ ಮನೆ ಹತ್ರದ ಚರ್ಚು?" ಎಂದ ಅಕೌಂಟೆಂಟ್.

"ಯಾವ ಚರ್ಚು? ನಾನು ಯಾವತ್ತಾದ್ರೂ ಹೇಳಿದ್ನಾ?"

"ಮೊನ್ನೆ ಪಾಸ್ಟರ್ ಕೇಳಿದಾಗ ಹೌದು ಅಂದ್ರಲ್ಲ?"

ತರಬೇತಿಯವಳ ಕಣ್ಣು ಹೊಳೆಯಿತು. ಇಂಥ ಫಲ ಅವಳ ತರಬೇತಿಗೆ ದಿನಾ ಸಿಗುವಂಥದ್ದಲ್ಲ. "ಅಮ್ಮ, ಇಷ್ಟು ವರ್ಷ ಇಲ್ಲಿ ನಿಮಗೆ ಏನನ್ನಿಸ್ತಿತ್ತು? ಆ ನೋವನ್ನ ಹಂಚ್ಕೊಳ್ತೀರಾ?"

ಎಲ್ಲರ ಮುಖವೂ ಈಗ ಅವಳ ಕಡೆ ತಿರುಗಿತ್ತು. ಹುಡುಗಿಗೆ ಸಿಕ್ಕಿದ್ದ ಅದೇ ನೋಟ, ಒದ್ದೆ ಒದ್ದೆಯಾದ ನೋಟ, ಈಗ ಪೂರ್ತಿ ಅವಳಿಗೆ. ಇಷ್ಟು ದಿನ ಇದಕ್ಕಾಗಿಯೇ ಬೆಂದಿದ್ದಳು. ಈಗ ಹೇಳಬೇಕು. ಅವಳು ತನ್ನೊಳಗೆ ತಡಕಾಡಿದಳು. ಆ ನೋಟಕ್ಕೆ ತಕ್ಕಷ್ಟು ದೊಡ್ಡ ನೋವು ಸಿಗಲಿಲ್ಲ. ಫ್ಯಾನಿನ ಜಗಳ ಸಿಕ್ಕಿತು, ಸಕ್ಕರೆ ಕಡಿಮೆಯಾದ ಟೀ ಸಿಕ್ಕಿತು, ಶುಕ್ರವಾರದ ಹಾಡು ಸಿಕ್ಕಿತು.

"ಯಾರೂ ಕರೀಲಿಲ್ಲ" ಎಂದಳು ಕೊನೆಗೆ. ದನಿ ಸಣ್ಣದಾಗಿ ಬಂತು. ಅದು ಮಾತ್ರ ಸುಳ್ಳಲ್ಲ.

ಪಾದ್ರಿಯ ಮುಖ ಕೆಂಪಾಯಿತು. ಅವರು ಎಲ್ಲರ ಪರವಾಗಿ ಕ್ಷಮೆ ಕೇಳಿದರು. ಮೇಷ್ಟ್ರು ಮಾತ್ರ ನೆಲ ನೋಡುತ್ತಿದ್ದರು.

ಸೋಮವಾರ ಬೆಳಿಗ್ಗೆ ಪಾದ್ರಿ ಅವಳ ಟೇಬಲ್ ಹತ್ತಿರ ಬಂದು ಕರೆದರು. ಫೋನಿಗೆ, ಕರೆ ಬಂದರೆ ತಾನೇ ಉತ್ತರಿಸುವ ಒಂದು ಯಂತ್ರದ ದನಿಯನ್ನು ಕೂರಿಸಿ ಅವಳು ಸಭಾಂಗಣಕ್ಕೆ ಹೋದಳು. ಒಂದು ಕಡೆ ಪಾದ್ರಿಯ ಕೈ, ಇನ್ನೊಂದು ಕಡೆ ಮೇಷ್ಟ್ರ ಕೈ. ಹುಡುಗಿ ಆಚೆ ಬದಿಗೆ ಸರಿದಿದ್ದಳು. ನೋಡಿದೆಯಾ, ಎಂದುಕೊಂಡಳು ಬೀಗದಕ್ಕ. ಸುಖವಾಯಿತು, ಆಗಲಿಲ್ಲ ಎಂದರೆ ಸುಳ್ಳಾದೀತು. ಅವಳಿಗೂ ಒಂದು ದಿಂಬು ಬಂತು. ಹುಡುಗಿಯದು ನೀಲಿ, ಇವಳದು ಹಸಿರು. ಹಸಿರಿನದು ಸ್ವಲ್ಪ ದಪ್ಪ.

ಆದರೆ ಆ ಸುಖ ಬಹಳ ದಿನ ಬಾಳಲಿಲ್ಲ. ಅಕೌಂಟೆಂಟ್ ಫ್ಯಾನಿನ ಗುಂಡಿಯ ಮೇಲೆ ಕೈಯಿಟ್ಟು, "ಮೇಡಂ, ನಿಮಗೆ ತೊಂದರೆ ಆಗಲ್ಲ ತಾನೇ?" ಎಂದ. ಮೇಡಂ. ಇವಳು ಬೇಕೆಂತಲೇ, "ಆಗುತ್ತೆ, ಏನ್ ಮಾಡ್ತೀರಿ?" ಎಂದಳು. ಅವನು ಗುಂಡಿಯಿಂದ ಕೈ ತೆಗೆದು, ಬೆವರುತ್ತ ಕೂತ. ಟೀಯಲ್ಲಿ ಸಕ್ಕರೆ ಇಲ್ಲದಿದ್ದರೂ "ಚೆನ್ನಾಗಿದೆ" ಎಂದು ಕುಡಿದ. ಅವಳು ಒಳಗೆ ಬಂದರೆ ಮಾತುಗಳು ಗಕ್ಕನೆ ನಿಂತು, ಸ್ವಲ್ಪ ಹೊತ್ತಿನ ಮೇಲೆ ಬೇರೆ ಮಾತಾಗಿ ಶುರುವಾಗುತ್ತಿದ್ದವು. ಸಿಟ್ಟಾದರೂ ಮಾಡಿಕೊಂಡಿದ್ದರೆ, ಮೋಸ ಮಾಡಿದೆ ಎಂದು ಬೈದಿದ್ದರೆ, ಕಾಲು ಕೆರೆದು ಜಗಳಕ್ಕೆ ನಿಲ್ಲಬಹುದಿತ್ತು. ಯಾರೂ ಬೈಯಲಿಲ್ಲ. ಎಲ್ಲರೂ ತರಬೇತಿ ಪಡೆದಿದ್ದರು.

ಶುಕ್ರವಾರ ಮಧ್ಯಾಹ್ನ ಅವಳು ಅಚ್ಚಿನ ಹಾಳೆ ಹಿಡಿದು ಹಾಡಿನ ಕೋಣೆಗೆ ಹೋದರೆ ಅವಳ ಕುರ್ಚಿಯಲ್ಲಿ ಅಕೌಂಟೆಂಟ್ ಕೂತಿದ್ದ.

ಮೇಷ್ಟ್ರು ಎದ್ದು ನಿಂತರು. ಅವಳಿಗಾಗಿ ಅವರು ಯಾವತ್ತೂ ಎದ್ದು ನಿಂತವರಲ್ಲ. "ಇನ್ಮೇಲೆ ನಿಮಗೆ ಇದರ ತೊಂದರೆ ಬೇಡ ಅಂತ. ನಮ್ಮ ದೇವರ ಹಾಡು ನಿಮ್ಮ ಕೈಲಿ ಓದಿಸೋದು, ಹೇಳಿಸೋದು, ಸರಿಯಲ್ಲ. ಇಷ್ಟು ವರ್ಷ ನನಗೆ ಹೊಳೀಲೇ ಇಲ್ಲ ನೋಡಿ. ನೀವು ಬೇಜಾರಿಲ್ಲದೆ ಮಾಡ್ತಿದ್ದೀರಿ ಅಂದ್ಕೊಂಡಿದ್ದೆ."

"ಬೇಜಾರು ಅಂತ ಯಾರು ಹೇಳಿದ್ರು?"

"ಹೇಳದೇ ಇರೋದೇ ತಾನೇ ನಿಮ್ಮ ಅಭ್ಯಾಸ" ಎಂದರು ಮೇಷ್ಟ್ರು. ಅದರಲ್ಲಿ ಒಂದು ಚೂರು ಮುಳ್ಳಿತ್ತು. ಆದರೆ ಅದು ಹೊರಬಿದ್ದದ್ದೇ ಅವರು ಗಾಬರಿಯಾಗಿ, "ತಪ್ಪು ತಿಳ್ಕೋಬೇಡಿ" ಎಂದು ಕೈಮುಗಿದರು.

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಮೊಗಸಾಲೆಯ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಅಕೌಂಟೆಂಟ್ ಬಿಲ್ಲು ಓದುವ ಹಾಗೆ ಹಾಡು ಓದುವುದು ಕೇಳಿಸುತ್ತಿತ್ತು. ಇಂಥವನ ಮೇಲೂ ಹೊಟ್ಟೆಕಿಚ್ಚುಪಡುವ ಗತಿ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಕಿಚ್ಚು ಆರಲಿಲ್ಲ.

ಕ್ಯಾಮೆರಾ ಹುಡುಗಿ ಮೊಗಸಾಲೆಯ ಉದ್ದಕ್ಕೂ ಒಂದು ದಪ್ಪ ಕೇಬಲ್ ಎಳೆಯುತ್ತಿದ್ದಳು. ಬೆಂಚಿನ ಹತ್ತಿರ ಬಂದಾಗ ಕೇಬಲ್ ಕೆಳಗೆ ಹಾಕಿ, ಕೇಳದೆಯೇ ಪಕ್ಕದಲ್ಲಿ ಕೂತಳು.

"ಇವತ್ತು ಒಳಗೆ ಹೋಗಿಲ್ವಾ ಅಕ್ಕ?"

"ಕಾಣಿಸ್ತಿಲ್ವಾ?"

ಹುಡುಗಿ ಕಾಲ್ಬೆರಳಲ್ಲಿ ಕೇಬಲ್ಲನ್ನು ಹೊರಳಿಸಿದಳು. "ನಾನು ಬಂದ ವಾರ ಇಲ್ಲೇ ಕೂತಿದ್ದೆ. ಒಳಗೆ ನೀವು, ಮೇಷ್ಟ್ರು. ಅವರು ನಿಮ್ಮನ್ನ ಏನೇನೋ ಬೈತಿದ್ರು, ನೀವು ಅವರ ಕೂದಲು ಹೋಗಿರೋದರ ಬಗ್ಗೆ ಏನೋ ಅಂದ್ರಿ, ಆಮೇಲೆ ಇಬ್ಬರೂ ಹಾಡಿದ್ರಿ. ನಂಗೆ ಎಷ್ಟು ಹೊಟ್ಟೆ ಉರೀತು ಗೊತ್ತಾ?"

"ನಿಂಗಾ?"

"ಮತ್ತಿನ್ಯಾರಿಗೆ? ಇಲ್ಲಿ ನಂಗೆ ಒಬ್ರೂ ಒಂದು ಮಾತು ಬೈದಿಲ್ಲ ಅಕ್ಕ. ಕಳೆದ ಭಾನುವಾರ ಮೈಕ್ ಆನ್ ಮಾಡೋದು ಮರೆತುಬಿಟ್ಟೆ. ಪಾಸ್ಟರ್ ಅರ್ಧ ಉಪದೇಶ ಮಾಡಿದ್ದು ಮನೇಲಿ ಕೂತ ಒಬ್ಬರಿಗೂ ಕೇಳಲಿಲ್ಲ. ಬೈತಾರೆ ಅಂತ ಕಾಯ್ತಾ ಕೂತಿದ್ದೆ. ಬಂದು ಥ್ಯಾಂಕ್ಸ್ ಹೇಳಿ ಹೋದ್ರು." ಅವಳು ನಕ್ಕಳು, ಆದರೆ ನಗು ಕಣ್ಣಿನವರೆಗೆ ಹೋಗಲಿಲ್ಲ. "ಬೇರೆ ಕೆಲಸ ಹುಡುಕ್ತಿದ್ದೀನಿ."

ಬೀಗದಕ್ಕ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಮೂಗಿನ ಮೇಲೆ ಸಣ್ಣ ಮಚ್ಚೆ, ಬೆರಳುಗಳಿಗೆ ಅಂಟುಪಟ್ಟಿಯ ಕೊಳೆ. ಹೊಟ್ಟೆಕಿಚ್ಚು ತನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದಳು, ಇವಳು ಅದರಲ್ಲೂ ಪಾಲಿಗೆ ಬಂದಳಲ್ಲ. ಅದನ್ನೂ ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ತಾನಾಗಿದ್ದರೆ ಇನ್ನೂ ಹತ್ತು ವರ್ಷ ನುಂಗಿಕೊಂಡು ಕೂರುತ್ತಿದ್ದೆ. ಆ ಯೋಚನೆಗೆ ಮತ್ತೊಮ್ಮೆ ಮೈ ಉರಿಯಿತು. ಎದ್ದಳು. ಎದ್ದವಳ ಕಾಲಿಗೆ ಕೇಬಲ್ ತಗಲಿತು. ಮುಗ್ಗರಿಸಿ ಗೋಡೆ ಹಿಡಿದು ನಿಂತಳು.

"ಏನೇ ಇದು?" ಎಂದಳು.

"ಕೇಬಲ್."

"ಕೇಬಲ್ ಅಂತ ನಂಗೂ ಕಾಣ್ಸುತ್ತೆ. ಓಡಾಡೋ ದಾರೀಲಿ ಹಾವು ಬಿಟ್ಟ ಹಾಗೆ ಬಿಟ್ಟಿದ್ದೀಯಲ್ಲ, ಯಾರ ಹಲ್ಲು ಉದುರಿಸಬೇಕು ಅಂತ? ನಿಮ್ಮಪ್ಪನ ಮನೆ ಅಂಗಳನಾ ಇದು?"

ಹುಡುಗಿ ಬಾಯಿ ತೆರೆದವಳು ತೆರೆದ ಹಾಗೇ ಕೂತಳು.

"ಬಂದ ದಿನದಿಂದ ನೋಡ್ತಿದ್ದೀನಿ. ಕುಡಿದ ಲೋಟ ಕುಡಿದಲ್ಲೇ. ಮೈಕ್ ಆನ್ ಮಾಡಕ್ಕೆ ಬರಲ್ಲ, ಅದನ್ನ ಹಲ್ಲು ಕಿರಿದು ಹೇಳ್ಕೊಳ್ಳೋದು ಬೇರೆ. ಸಂಬಳ ಎಣಿಸ್ಕೊಳ್ಳೋಕೆ ಮಾತ್ರ ಮರೆಯಲ್ಲ ಅಲ್ವಾ?"

"ಒಂದು ನಿಮಿಷ, ಲೋಟ ನಾನೇ ತೊಳೀತೀನಿ" ಹುಡುಗಿ ಎದ್ದು ನಿಂತಳು. ಕಿವಿ ಕೆಂಪಾಗಿತ್ತು. "ನಿಮ್ಮ ಟೀ ಕುಡಿಯೋದೇ ಒಂದು ಶಿಕ್ಷೆ, ಮೇಲೆ ಲೋಟ ತೊಳೆಯೋದು ಬೇರೆ."

"ನನ್ನ ಟೀಗೆ ಏನಾಗಿದೆ?"

"ಏನೂ ಆಗಿಲ್ಲ, ಅದೇ ತೊಂದರೆ. ಬಿಸಿನೀರು. ನಿಮಗೆ ನನ್ನ ಕಂಡ್ರೆ ಮೊದಲಿಂದ್ಲೂ ಆಗಲ್ಲ."

"ಆಗಲ್ಲ. ಏನೀಗ? ಕಂಡೋರನ್ನೆಲ್ಲ ಇಷ್ಟಪಡೋಕೆ ನಾನೇನು ಪಾಸ್ಟರಾ?"

ಇಬ್ಬರ ದನಿಯೂ ಮೊಗಸಾಲೆಯ ಮೇಲ್ಛಾವಣಿ ಮುಟ್ಟಿತ್ತು. ಹಾಡಿನ ಕೋಣೆಯಲ್ಲಿ ಓದು ನಿಂತಿತು. ಮೇಷ್ಟ್ರು ಬಾಗಿಲಿಗೆ ಬಂದರು, ಅವರ ಹೆಗಲ ಹಿಂದೆ ಅಕೌಂಟೆಂಟ್. ಆ ಕಡೆ ಕೋಣೆಯಿಂದ ಪಾದ್ರಿಯೂ ಓಡಿ ಬಂದರು. ಸಮಾಧಾನ ಮಾಡಲೆಂದು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಹೊರಗಿನವರು ಹೊರಗಿನವರೇ ಜುಟ್ಟು ಹಿಡಿದುಕೊಂಡರೆ ಒಳಗಿನವರು ಏನು ಮಾಡಬೇಕೆಂದು ತರಬೇತಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಮೂವರೂ ನಿಂತು ನೋಡಿದರು.

"ಮೊದಲು ಇದನ್ನ ಸುತ್ತಿಡು" ಎಂದಳು ಬೀಗದಕ್ಕ, ಮತ್ತೆ ಬೆಂಚಿನ ಮೇಲೆ ಕೂರುತ್ತ.

"ಸುತ್ತಿಡ್ತೀನಿ. ನೀವು ಹೇಳಿದ್ರಿ ಅಂತ ಅಲ್ಲ."

ಹುಡುಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಬಲ್ ಸುತ್ತತೊಡಗಿದಳು. ಬೇಕೆಂತಲೇ ಅಡ್ಡಾದಿಡ್ಡಿಯಾಗಿ, ಸಡಿಲ ಸಡಿಲವಾಗಿ ಸುತ್ತಿ, ನಡುವೆ ಒಮ್ಮೆ ತಲೆಯೆತ್ತಿ ಬೀಗದಕ್ಕ ನೋಡುತ್ತಿದ್ದಾಳೋ ಇಲ್ಲವೋ ನೋಡಿದಳು. ಬೀಗದಕ್ಕ ನೋಡುತ್ತಿದ್ದಳು. ನಾಲಗೆಯ ತುದಿಗೆ ಬಂದ ಮಾತನ್ನು ತಡೆದು ನಾಳೆಗೆ ಇಟ್ಟುಕೊಂಡಳು.